ನಂಜುಂಡಪ್ಪನವರ ಪ್ರಸ್ಥಾನ

ನಮ್ಮ ಆಫೀಸಿನಲ್ಲಿ ಮಂಗಳವಾರದ ವಿಮಾನಕ್ಕೆ ಟಿಕೆಟ್ ಮಾಡಿಸಿದವರು ಹಿಂದಿನ ಶುಕ್ರವಾರವೇ ಹೊರಟುಬಿಡುತ್ತಾರೆ. ಹೀಗೆಂದರೆ ಹೊಸಬರು ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ. ನಿಧಾನವಾಗಿ ಹೇಳುತ್ತೇನೆ, ನನಗೇನೂ ಅವಸರವಿಲ್ಲ.

ನಾನು ವಾರಿಜಾಕ್ಷಿ. ಹುಟ್ಟಿದ್ದು ಮೈಸೂರು, ಮದುವೆಯಾಗಿ ಮಲೇಷ್ಯಾದ ಸುಬಾಂಗ್ ಜಯಾಕ್ಕೆ ಬಂದು ಇಪ್ಪತ್ತಾರು ವರ್ಷ. ನನ್ನ ಗಂಡ ಶ್ರೀಪತಿ ಸಾಫ್ಟ್‌ವೇರ್ ಕಂಪನಿಯಲ್ಲಿ ತಣ್ಣಗೆ ಕೂತು ಕೆಲಸ ಮಾಡಿಕೊಂಡಿದ್ದವರು, ಹದಿನಾಲ್ಕು ವರ್ಷದ ಹಿಂದೆ ಒಂದು ದಿನ ಅದಕ್ಕೆ ಕೈಮುಗಿದು ಬಂದು, ಕ್ಲಿನಿಕ್ ಒಂದರ ಮೇಲಿನ ಮಹಡಿಯಲ್ಲಿ 'ಓವಲ್ ಟ್ರಾವೆಲ್ಸ್' ಎಂದು ಬೋರ್ಡು ಹಾಕಿದರು. ಕೆಲಸ ಏನು? ಮಲೇಷ್ಯಾದ ಜನರನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗಿ ಸ್ಟಾಕ್ ಕಾರ್ ರೇಸ್ ತೋರಿಸಿಕೊಂಡು ಬರುವುದು. ಸ್ಟಾಕ್ ಕಾರ್ ಎಂದರೆ ನೋಡಲು ನಿಮ್ಮ ನಮ್ಮ ಕಾರಿನ ಹಾಗೇ ಇರುತ್ತದೆ, ಒಳಗೆ ಮಾತ್ರ ರಾಕ್ಷಸನಂಥ ಇಂಜಿನ್ನು. ಅಂಥ ನಲವತ್ತು ಗಾಡಿಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಬರೀ ಎಡಕ್ಕೆ ತಿರುಗುತ್ತ ಮೂರೂವರೆ ಗಂಟೆ ಸುತ್ತುತ್ತವೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತವೆ. "ಇದನ್ನ ನೋಡೋಕೆ ದುಡ್ಡು ಕೊಟ್ಟು ಇಪ್ಪತ್ತೆರಡು ಗಂಟೆ ವಿಮಾನದಲ್ಲಿ ಕೂರೋ ಹುಚ್ಚರು ಎಲ್ಲಿ ಸಿಕ್ತಾರೆ ರೀ?" ಎಂದು ನಾನು ಆಗ ಕೇಳಿದ್ದೆ. ಸಿಕ್ಕರು. ಕ್ಲಾಂಗ್‌ನ ಟೈರ್ ಅಂಗಡಿಯವರು, ಲಾರಿ ಮಾಲೀಕರು, ಪೆನಾಂಗ್‌ನ ಬಯಾನ್ ಲೆಪಾಸಿನ ಚಿಪ್ ಫ್ಯಾಕ್ಟರಿಗಳ ಇಂಜಿನಿಯರುಗಳು. ವರ್ಷಕ್ಕೆ ಎರಡು ಸಲ, ಹದಿನಾಲ್ಕು ಹದಿನೈದು ಜನ. ಉಳಿದ ದಿನಗಳಲ್ಲಿ ಬೆಂಗಳೂರಿನ ಟಿಕೆಟ್ಟು ಮಾಡಿಕೊಡುತ್ತ ಹೊಟ್ಟೆ ಹೊರೆಯುತ್ತೇವೆ. ಗುಂಪಿನ ಜೊತೆ ಹೋಗುವವರು ಶ್ರೀಪತಿ, ಆಫೀಸು ನನ್ನದು.

ಇನ್ನು ಶುಕ್ರವಾರದ ವಿಷಯ. ಮಂಗಳವಾರದ ವಿಮಾನ ಅಗ್ಗ. ಆದರೆ ನಮ್ಮ ಕನ್ನಡದವರು ಮಂಗಳವಾರ ಪ್ರಯಾಣ ಎಂದರೆ ಮುಖ ಸಿಂಡರಿಸುತ್ತಾರೆ. ಮೊದಲ ವರ್ಷವೇ ಒಬ್ಬರು ಪಂಚಾಂಗ ಹಿಡಿದುಕೊಂಡು ಬಂದು ಟಿಕೆಟ್ ಬದಲಿಸಿ ಎಂದು ಕೂತರು. ಆಗ ನನ್ನ ಅತ್ತೆ ಮಾಡುತ್ತಿದ್ದದ್ದು ನೆನಪಾಯಿತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚೆ ಒಳ್ಳೆಯ ಗಳಿಗೆ ನೋಡಿ, ಒಂದು ಚೀಲದಲ್ಲಿ ಬಟ್ಟೆ, ಅಕ್ಕಿ, ಅರಿಶಿನದ ಕೊಂಬು, ಅಡಿಕೆ ಇಟ್ಟು ಬೇರೆಯವರ ಮನೆಯಲ್ಲಿ ಇರಿಸಿ ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತು ಎಂದು ಲೆಕ್ಕ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. "ಶುಕ್ರವಾರ ಬ್ಯಾಗ್ ತಂದು ಇಲ್ಲಿಡಿ, ನೀವು ಹೊರಟ ಹಾಗೇ" ಎಂದೆ. ಅವರು ಖುಷಿಯಾಗಿ ಹೋದರು. ನೋಡಿದ ಉಳಿದವರೂ ಶುರು ಮಾಡಿದರು. ಚೀನೀಯರು, ತಮಿಳರು, ಮಂಗಳೂರಿನ ಕ್ರಿಶ್ಚಿಯನ್ನರು, ಎಲ್ಲರೂ ಈಗ ಶುಕ್ರವಾರ ಸೂಟ್‌ಕೇಸು ತಂದು ನಮ್ಮ ಕಬ್ಬಿಣದ ರ‍್ಯಾಕಿನಲ್ಲಿಡುತ್ತಾರೆ. ಹೊರಡುವ ದಿಕ್ಕಿನಲ್ಲೇ ಇಡಬೇಕಲ್ಲ ಎಂದು ಯಾರೋ ತಕರಾರು ತೆಗೆದಾಗ, ಅಮೆರಿಕ ಭೂಮಿಯ ಆ ಬದಿಗಿರುವುದರಿಂದ ಎಲ್ಲ ದಿಕ್ಕೂ ಅದೇ ದಿಕ್ಕು ಎಂದು ಶ್ರೀಪತಿ ತೀರ್ಪು ಕೊಟ್ಟರು. ನಿಯಮ ಒಂದೇ: ಇಟ್ಟ ಬ್ಯಾಗು ಮನೆಗೆ ವಾಪಸ್ ಹೋಗಬಾರದು. ಇಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ.

ಆಮೇಲೆ ಸೋಮವಾರ. ಸೋಮವಾರ ಸಂಜೆ ಎಲ್ಲರೂ ಬಂದು ಸೇರುತ್ತಾರೆ, ನಾನು ಒಂದೊಂದೇ ಬ್ಯಾಗು ಮೇಜಿನ ಮೇಲಿಟ್ಟು ತೆಗೆದು ನೋಡುತ್ತೇನೆ. ಯಾಕೆಂದರೆ ಒಮ್ಮೆ ನಮ್ಮ ಗುಂಪಿನವರೊಬ್ಬರು ಒಣಗಿಸಿದ ಹಂದಿಮಾಂಸ ತುಂಬಿಕೊಂಡು ಹೋಗಿ ಅಲ್ಲಿನ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದು, ಇಡೀ ಗುಂಪು ನಾಲ್ಕು ಗಂಟೆ ನಿಂತಲ್ಲೇ ನಿಂತಿತ್ತು. ಅಂದಿನಿಂದ ಮಾಂಸ, ಬೀಜ, ಹಣ್ಣು ಯಾವುದನ್ನೂ ನಾನು ಬಿಡುವುದಿಲ್ಲ. ಬರೀ ತೆಗೆದು ನೋಡಿದರೆ ಮಜಾ ಏನು? "ಏನ್ ಸ್ವಾಮಿ, ಒಂಬತ್ತು ದಿನಕ್ಕೆ ಹದಿನೆಂಟು ಚಡ್ಡಿ? ಬೆಳಗ್ಗೆ ಒಂದು ಸಂಜೆ ಒಂದಾ?" ಎಂದು ಎಲ್ಲರಿಗೂ ಎತ್ತಿ ತೋರಿಸುತ್ತೇನೆ. ಒಬ್ಬರ ಬ್ಯಾಗಿನಲ್ಲಿ ತಲೆಗೂದಲಿನ ಬಣ್ಣ, ಇನ್ನೊಬ್ಬರದರಲ್ಲಿ ಹೆಂಡತಿಯ ಹಳೇ ಸೀರೆ. ಜನ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಾರೆ. ರೇಸಿಗಿಂತ ಸೋಮವಾರವೇ ಚೆನ್ನ ಎಂದವರಿದ್ದಾರೆ. ನನ್ನ ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ.

ನಂಜುಂಡಪ್ಪನವರು ನಮ್ಮಲ್ಲಿಗೆ ಬರಲು ಶುರುಮಾಡಿ ಒಂಬತ್ತು ವರ್ಷ. ವಯಸ್ಸು ಎಪ್ಪತ್ತೊಂದು. ಕ್ಲಾಂಗ್ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಕ್ರೇನ್ ನಡೆಸಿದವರು. ನಲವತ್ತು ಮೀಟರ್ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಹಡಗಿನಿಂದ ಕಂಟೇನರುಗಳನ್ನು ಎತ್ತಿ ಇಳಿಸುವ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಸುಬಾಂಗ್ ಜಯಾದಲ್ಲಿ ಮಗಳು ಸಮೀಕ್ಷಾಳ ಮನೆಯಲ್ಲಿದ್ದಾರೆ. ಪ್ರತಿ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಕೆಳಗಿನ ಮಾಮಕ್ ಅಂಗಡಿಯಿಂದ, ಎಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಮೂರು ಟೀ ಕಟ್ಟಿಸಿಕೊಂಡು ಮೇಲೆ ಬರುತ್ತಾರೆ. ಹಳೆಯ ರೇಸುಗಳನ್ನು ಟಿವಿಯಲ್ಲಿ ಹಾಕಿಸಿಕೊಂಡು, ಬಂದ ಗಿರಾಕಿಗಳಿಗೆಲ್ಲ ಪಾಠ ಹೇಳುತ್ತಾರೆ. ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡು ಓಡಿಸಿದರೆ ಗಾಳಿ ಹೇಗೆ ಕಡಿಮೆ ತಾಕುತ್ತದೆ, ತಿರುವಿನಲ್ಲಿ ರಸ್ತೆ ಯಾಕೆ ಗೋಡೆಯ ಹಾಗೆ ವಾಲಿರುತ್ತದೆ, ಎಲ್ಲ. ಅವರ ಮುಖ್ಯ ಪಾಠ ಸೀಟಿನದು. "ಸಿನಿಮಾ ಅಲ್ಲ, ಸಂಗೀತ ಕಚೇರಿ ಅಲ್ಲ. ಮುಂದಿನ ಸಾಲಲ್ಲಿ ಕೂತ್ರೆ ಬೇಲಿ ಕಾಣತ್ತೆ, ಧೂಳು ಕಾಣತ್ತೆ, ಕಾರು ಕಾಣಲ್ಲ. ನಲವತ್ತನೇ ಸಾಲಿಗೆ ಹತ್ತಿ. ಇಡೀ ಟ್ರ್ಯಾಕು ನಿಮ್ಮ ಅಂಗೈ ಮೇಲೆ." ಅವರು ಹೇಳಿದ್ದಕ್ಕೇ ನಮ್ಮ ಗುಂಪಿಗೆ ಯಾವಾಗಲೂ ಮೇಲಿನ ಸಾಲುಗಳೇ.

ಇಷ್ಟು ಹೇಳುವ ಮನುಷ್ಯ ಒಮ್ಮೆಯೂ ರೇಸು ಕಣ್ಣಾರೆ ನೋಡಿರಲಿಲ್ಲ. ಮೊದಲು ಹೆಂಡತಿಗೆ ಕಾಯಿಲೆ, ಆಮೇಲೆ ಕೊರೊನಾ, ಆಮೇಲೆ ಮಗಳ ಬಾಣಂತನ, ಆಮೇಲೆ ವೀಸಾ ಸಂದರ್ಶನದ ದಿನವೇ ಸಿಗದೆ ಒಂದು ವರ್ಷ. ಈ ಏಪ್ರಿಲಿನಲ್ಲಿ ಕೊನೆಗೂ ಎಲ್ಲ ಕೂಡಿಬಂತು. ಅಲಬಾಮಾದ ರೇಸು, ನಲವತ್ತೊಂದನೇ ಸಾಲು. ಶುಕ್ರವಾರ ಹತ್ತೂಕಾಲಿಗೆ ಗಳಿಗೆ ಎಂದು ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ನೀಲಿ ಬ್ಯಾಗು, ಅದಕ್ಕೊಂದು ಸಣ್ಣ ಬೀಗ. ರ‍್ಯಾಕಿನಲ್ಲಿ ತಾವೇ ಇಟ್ಟು ಕಣ್ಣಿಗೊತ್ತಿಕೊಂಡರು. ನಾನು ಚಪ್ಪಾಳೆ ತಟ್ಟಿದೆ, ಶ್ರೀಪತಿ ಗುಂಪಿನ ಕೆಂಪು ಟೋಪಿ ತಂದು ತಲೆಗಿಟ್ಟರು. ಆ ಮನುಷ್ಯನ ಕಣ್ಣು ತುಂಬಿತ್ತು.

ಮಾರನೆಯ ದಿನ, ಶನಿವಾರ ಬೆಳಗ್ಗೆ, ಸಮೀಕ್ಷಾ ಬಂದಳು.

ಗುಂಪಿನ ಐದಾರು ಜನ ಟಿಕೆಟ್ಟು, ಟೋಪಿ ತೆಗೆದುಕೊಂಡು ಹೋಗಲು ಬಂದಿದ್ದರು. ಕ್ಲಾಂಗ್‌ನಲ್ಲಿ ಲಾರಿ ಟೈರಿನ ಅಂಗಡಿಯಿರುವ ಚೋಂಗ್ ಅಂಕಲ್ ಕೂತಿದ್ದರು. ಅರವತ್ತೆಂಟು ವರ್ಷ, ನಮ್ಮ ಜೊತೆ ಇದು ಏಳನೇ ಪ್ರಯಾಣ. ಸಮೀಕ್ಷಾ ಯಾರನ್ನೂ ನೋಡದೆ ನೇರ ನನ್ನ ಮೇಜಿಗೆ ಬಂದಳು.

"ಆಂಟಿ, ಅಪ್ಪ ಬರಲ್ಲ. ಕ್ಯಾನ್ಸಲ್ ಮಾಡ್ಬಿಡಿ. ಅವರ ಬ್ಯಾಗ್ ಕೊಡಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗಿದಾರೆ. ನಾನೇ ಬೇಡ ಅಂದೆ. ಇಷ್ಟು ವಯಸ್ಸಾದ್ಮೇಲೆ ಅಷ್ಟು ದೂರ ಎಲ್ಲ ಬೇಡ. ಬ್ಯಾಗ್ ಕೊಡಿ ಪ್ಲೀಸ್."

ನನ್ನ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಕಾದ ಮನುಷ್ಯ, ನಿನ್ನೆ ಇಲ್ಲೇ ಕಣ್ಣೀರು ಹಾಕಿ ಹೋದ ಮನುಷ್ಯ, ಅವರ ಆಸೆಗೆ ಇವಳು ಒಂದೇ ಮಾತಿನಲ್ಲಿ ಮಣ್ಣು ಹಾಕುತ್ತಾಳಲ್ಲ!

"ನೀನು ಬೇಡ ಅನ್ನೋಕೆ ಯಾರೇ? ಡಾಕ್ಟರು ಹೋಗಬಹುದು ಅಂತ ಬರ್ಕೊಟ್ಟಿದಾರೆ. ನನ್ನ ಗಂಡ ಪಕ್ಕದಲ್ಲೇ ಇರ್ತಾರೆ. ನಿನಗೆ ಮಗು ನೋಡ್ಕೊಳ್ಳೋಕೆ ಒಂದು ಆಳು ಬೇಕು, ಒಂಬತ್ತು ದಿನ ಆಳಿಲ್ಲದೆ ಕಷ್ಟ ಆಗತ್ತೆ, ಅಷ್ಟೇ ತಾನೇ? ಅಪ್ಪ ಅಂದ್ರೆ ಮನೇಲಿರೋ ವಾಷಿಂಗ್ ಮಷೀನ್ ಅಂದ್ಕೊಂಡಿದೀಯಾ?"

ಕೂತಿದ್ದವರಿಗೆ ಕನ್ನಡ ಬರುವುದಿಲ್ಲ. ಅವರಿಗೂ ಗೊತ್ತಾಗಲಿ ಎಂದು ಅದನ್ನೇ ಇಂಗ್ಲಿಷಿನಲ್ಲೂ ಹೇಳಿದೆ. ಚೋಂಗ್ ಅಂಕಲ್ ಲೊಚಗುಟ್ಟಿದರು. ಒಬ್ಬರು ಅವಳ ಕಡೆ ನೋಡಿ ತಲೆಯಾಡಿಸಿದರು.

ಸಮೀಕ್ಷಾಳ ಮುಖ ಕೆಂಪಾಯಿತು. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿ. ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಆಡಲಿಲ್ಲ. "ಹೌದು ಆಂಟಿ, ಹಾಗೇ ಅಂದ್ಕೊಳ್ಳಿ. ಬ್ಯಾಗ್ ಒಂದು ಕೊಡಿ" ಎಂದಳು.

"ಕೊಡಲ್ಲ. ಪ್ರಸ್ಥಾನ ಇಟ್ಟ ಬ್ಯಾಗು ಮನೆಗೆ ವಾಪಸ್ ಹೋಗಲ್ಲ. ಬೇಕಿದ್ರೆ ಇಟ್ಟವರೇ ಬಂದು ಕೇಳಲಿ."

ಅವಳು ರ‍್ಯಾಕಿನ ಕಡೆ ಒಮ್ಮೆ ನೋಡಿದಳು. ನಾನು ಎದ್ದು ಹೋಗಿ ಅದಕ್ಕೆ ಅಡ್ಡ ನಿಂತೆ. ಹೌದು, ಐವತ್ತೆಂಟು ವರ್ಷದ ಹೆಂಗಸು ಹಾಗೆ ನಿಂತೆ. ಅವಳು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಗೆದ್ದೆ ಎಂದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಕೈಗೆತ್ತಿಕೊಂಡದ್ದನ್ನು ಅರ್ಧಕ್ಕೆ ಬಿಡುವವಳಲ್ಲ ನಾನು. ಭಾನುವಾರ ಮಧ್ಯಾಹ್ನ ಒಂದು ಡಬ್ಬಿಯಲ್ಲಿ ಬಿಸಿಬೇಳೆ ಬಾತ್ ತುಂಬಿಕೊಂಡು ಅವರ ಫ್ಲ್ಯಾಟಿಗೆ ಹೋದೆ. ಸಮೀಕ್ಷಾ ಬಾಗಿಲು ತೆಗೆದಳು, ಒಳಗೆ ಬನ್ನಿ ಎಂದಳು, ನೀರು ತಂದಿಟ್ಟಳು. ಅವಳ ಗಂಡ ಮಗುವನ್ನು ಈಜಿಗೆ ಕರೆದುಕೊಂಡು ಹೋಗಿದ್ದ. ನಂಜುಂಡಪ್ಪನವರು ಸೋಫಾದ ಒಂದು ತುದಿಯಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ ಹಾಗೇ ಕೂತರು.

"ಏನ್ ಮಾಡೋದು ವಾರಿಜಮ್ಮ, ಮಗಳು ಬಿಡಲ್ಲ ಅಂತಾಳೆ" ಎಂದರು. ನನ್ನ ಮುಖ ನೋಡಲಿಲ್ಲ.

"ಅವಳನ್ನ ನನಗೆ ಬಿಡಿ. ನೀವು ಹೊರಡ್ತೀರೋ ಇಲ್ವೋ ಅಷ್ಟು ಹೇಳಿ."

"ಊಟದ್ದು ಸ್ವಲ್ಪ ಕಷ್ಟ..."

"ಶ್ರೀಪತಿ ಕುಕ್ಕರ್ ತಗೊಂಡು ಹೋಗ್ತಾರೆ. ಅನ್ನ ಸಾರು ದಿನಾ ಇರತ್ತೆ."

"ಅಷ್ಟು ಹೊತ್ತು ಕೂತ್ರೆ ಕಾಲು ಊದ್ಕೊಳತ್ತೆ..."

"ಓಡಾಡೋ ದಾರಿ ಪಕ್ಕದ ಸೀಟು ಹಾಕಿಸಿದೀನಿ."

"ಅಲ್ಲಿ ಚಳಿ..."

"ಏಪ್ರಿಲ್ ಅದು! ಒಂಬತ್ತು ವರ್ಷದಿಂದ ಅಲ್ಲಿ ಹವಾ ಹೇಗಿರತ್ತೆ ಅಂತ ಊರಿಗೆಲ್ಲ ಪಾಠ ಹೇಳಿದವರು ನೀವೇ ಅಲ್ವಾ!" ಎಂದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಮೀಕ್ಷಾಳ ಕಡೆ ತಿರುಗಿದೆ. "ನೋಡು, ನಿನಗೆ ಹೆದರಿ ಹೆದರಿ ಹೇಗಾಗಿದಾರೆ ನೋಡು. ಹೆತ್ತ ಅಪ್ಪನ್ನ ಹೀಗೆ ಕಟ್ಟಿ ಹಾಕ್ತೀಯಲ್ಲ, ನಾಳೆ ನಿನ್ನ ಮಗ ನಿನಗೆ ಹೀಗೆ ಮಾಡಿದ್ರೆ ಗೊತ್ತಾಗತ್ತೆ."

ಸಮೀಕ್ಷಾ ತುಟಿ ಕಚ್ಚಿಕೊಂಡು ನಿಂತಳು.

"ಅವಳನ್ನ ಬೈಬೇಡಿ" ಎಂದರು ನಂಜುಂಡಪ್ಪನವರು. "ಸಾಕು. ಅವಳದ್ದೇನೂ ಇಲ್ಲ. ನಾನೇ ಹೇಳಿ ಕಳಿಸಿದ್ದು, ನಿನ್ನ ಹೆಸರು ಹೇಳ್ಬಿಡು ಮಗಾ ಅಂತ."

"ಯಾಕೆ?"

"ನಾಳೆ ನೀವು ಬ್ಯಾಗ್ ತೆಗೀತೀರಲ್ಲ ವಾರಿಜಮ್ಮ. ಎಲ್ಲರ ಮುಂದೆ."

ನನಗೆ ತಿಳಿಯಲಿಲ್ಲ. ಅವರ ಬ್ಯಾಗಿನಲ್ಲಿ ಏನಿರಬಹುದು, ಮಾಂಸ ತಿನ್ನುವವರಲ್ಲ, ಕುಡಿಯುವವರಲ್ಲ. ಅವರು ನೆಲ ನೋಡುತ್ತ ಹೇಳಿದರು. ಪ್ರಾಸ್ಟೇಟ್ ತೊಂದರೆ ಶುರುವಾಗಿ ಒಂದು ವರ್ಷವಾಗಿತ್ತು. ಮಾತ್ರೆ ನಡೆಯುತ್ತಿತ್ತು, ಪ್ರಯಾಣ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದೂ ನಿಜ. ಆದರೆ ಬಂತು ಎಂದು ಅನಿಸಿದರೆ ಎದ್ದು ಹೋಗುವಷ್ಟು ಹೊತ್ತು ತಡೆಯಲು ಆಗುತ್ತಿರಲಿಲ್ಲ. ಹೋಗಲೇಬೇಕು ಎಂದು ಗಟ್ಟಿ ಮನಸ್ಸು ಮಾಡಿ ತಾವೇ ಫಾರ್ಮಸಿಗೆ ಹೋಗಿ, ದೊಡ್ಡವರು ಹಾಕಿಕೊಳ್ಳುವ ಡೈಪರಿನ ನಾಲ್ಕು ಕಟ್ಟು ತಂದು ಬ್ಯಾಗಿನಲ್ಲಿ ತುಂಬಿ ಬೀಗ ಹಾಕಿದ್ದರು. ಶುಕ್ರವಾರ ಆಫೀಸಿನಿಂದ ಮನೆಗೆ ಬಂದ ಮೇಲೆ ಸೋಮವಾರದ್ದು ನೆನಪಾಗಿತ್ತು.

"ಕ್ರೇನಿನ ಮೇಲೆ ಎಂಟು ಗಂಟೆ ಕೂತಿರ್ತಿದ್ದೆ. ಇಳಿದು ಹತ್ತೋದು ಯಾಕೆ ಅಂತ ತಡ್ಕೊಂಡೇ ಇರ್ತಿದ್ದೆ. ಈಗ ಇಲ್ಲಿಂದ ಆ ಬಾಗಿಲ ತನಕ ಆಗಲ್ಲ ಕಣಮ್ಮ." ಟವೆಲಿನ ಅಂಚು ಎಳೆದು ಸರಿಮಾಡಿಕೊಂಡು, "ಅದೂ ಹೋಗ್ಲಿ, ಅಭ್ಯಾಸ ಆಗತ್ತೆ. ಆದ್ರೆ ನೀವು ಅದನ್ನ ಕೈಯಲ್ಲಿ ಎತ್ತಿ ಹಿಡಿದು ಏನಾದ್ರೂ ಅಂದ್ರೆ... ಆಮೇಲೆ ನಾನು ಶುಕ್ರವಾರ ಅಲ್ಲಿಗೆ ಹೇಗೆ ಬರ್ಲಿ?" ಎಂದರು.

ಅವರು ಹೆದರಿದ್ದು ರೇಸಿಗಲ್ಲ, ವಿಮಾನಕ್ಕಲ್ಲ. ನನಗೆ. ನನ್ನ ಬಾಯಿಗೆ. ಹದಿನೆಂಟು ಚಡ್ಡಿಯ ಆ ಮನುಷ್ಯನ ಮುಖ ಆವತ್ತು ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ನಗುತ್ತಿದ್ದವರ ಮುಖಗಳಷ್ಟೇ ನೆನಪಿಗೆ ಬಂದವು.

"ನಿಮ್ಮ ಬ್ಯಾಗು ನಾನು ಮುಟ್ಟಲ್ಲ. ಬೀಗ ಹಾಕಿದ ಹಾಗೇ ಹೋಗಲಿ" ಎಂದೆ.

"ನಂದೊಂದೇ ಹಾಗೇ ಹೋದ್ರೆ ಯಾಕೆ ಅಂತ ಎಲ್ಲರೂ ಕೇಳ್ತಾರೆ."

"ಯಾರದೂ ತೆಗೆಯಲ್ಲ ಹಾಗಾದ್ರೆ."

"ಚೋಂಗ್ ಹಂದಿಮಾಂಸ ಇಟ್ಕೊಂಡೇ ಬರ್ತಾನೆ. ಅಲ್ಲಿ ಸಿಕ್ಕಿಬಿದ್ರೆ ನಿಮ್ಮ ಏಜೆನ್ಸಿ ಹೆಸರು ಹಾಳಾಗತ್ತೆ. ಬಿಡಿ ವಾರಿಜಮ್ಮ. ಟಿವಿಯಲ್ಲಿ ನೋಡ್ತೀನಿ. ಒಂಬತ್ತು ವರ್ಷ ನೋಡಿಲ್ವಾ."

ಸಮೀಕ್ಷಾ ನನ್ನನ್ನು ಲಿಫ್ಟಿನ ತನಕ ಬಿಡಲು ಬಂದಳು. ಡಬ್ಬಿ ನಾಳೆ ತಂದುಕೊಡುತ್ತೇನೆ ಎಂದು ಅವಳೇ ಹೇಳಿದಳು.

ಮನೆಗೆ ಬಂದು ಶ್ರೀಪತಿಗೆ ಎಲ್ಲ ಹೇಳಿದೆ. ಅವರು ಪೇಪರ್ ಮಡಿಸಿಟ್ಟರು. "ಹಿಂದೆ ಸ್ಟೋರ್ ರೂಮಿದೆಯಲ್ಲ. ಏನೇನು ತಗೊಂಡು ಹೋಗಬಾರದು ಅಂತ ಒಂದು ಪಟ್ಟಿ ಅಂಟಿಸು. ಒಬ್ಬೊಬ್ಬರೇ ಒಳಗೆ ಹೋಗಿ ಅವರವರ ಬ್ಯಾಗು ಅವರವರೇ ನೋಡ್ಕೊಂಡು ಬರಲಿ. ಸಿಕ್ಕಿಬಿದ್ರೆ ಅವರವರ ಹಣೆಬರಹ ಅಂತ ಸಹಿ ಹಾಕಿಸ್ಕೊ."

ಎಷ್ಟು ಸುಲಭ! "ಇದನ್ನ ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ?"

"ಹೇಳಬೇಕು ಅಂತಿದ್ದೆ" ಎಂದರು. "ನೀನು ಅಷ್ಟು ಖುಷಿಯಾಗಿರ್ತಿದ್ದೆ ಸೋಮವಾರ. ಆಮೇಲೆ, ನಿನ್ನ ಬಾಯಿಗೆ ಹೆದರದೇ ಇರೋರು ಯಾರು ಈ ಮನೇಲಿ?"

ನಗುತ್ತಲೇ ಹೇಳಿದರು. ನಾನು ಒಳಗೆ ಹೋಗಿ ಸಮೀಕ್ಷಾಳಿಗೆ ಫೋನು ಮಾಡಿ, ಹೀಗೊಂದು ಏರ್ಪಾಡು ಮಾಡಿದ್ದೇವೆ, ಅಪ್ಪನಿಗೆ ಹೇಳು ಎಂದೆ. ಪ್ರತಿ ಸಲ ಎಲ್ಲರನ್ನೂ ಕಳಿಸಿಕೊಡಲು ಬರುವ ಹಾಗೆ ಅಪ್ಪ ಈ ಸೋಮವಾರವೂ ಬರುತ್ತಾರಂತೆ, ಹೋಗುವ ವಿಷಯ ಮಾತ್ರ ಏನೂ ಹೇಳುತ್ತಿಲ್ಲ ಎಂದಳು.

ಸೋಮವಾರ ಸಂಜೆ ಐದಕ್ಕೆ ಎಲ್ಲರೂ ಸೇರಿದರು. ನಂಜುಂಡಪ್ಪನವರು ಮಗಳ ಜೊತೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಕೆಂಪು ಟೋಪಿ ಹಾಕಿರಲಿಲ್ಲ. ನಾನು ಎದ್ದು ನಿಂತು ಹೊಸ ನಿಯಮ ಹೇಳಿದೆ. ಈ ಸಲ ನಾನು ಯಾರ ಬ್ಯಾಗೂ ತೆಗೆಯುವುದಿಲ್ಲ, ಸ್ಟೋರ್ ರೂಮಿನಲ್ಲಿ ಪಟ್ಟಿ ಅಂಟಿಸಿದೆ, ಒಬ್ಬೊಬ್ಬರೇ ಹೋಗಿ ಬನ್ನಿ.

ಗಲಾಟೆಯೇ ಗಲಾಟೆ. "ಏನ್ ಆಂಟಿ, ಈ ಸಲ ಶೋ ಇಲ್ವಾ?" ಚೋಂಗ್ ಅಂಕಲ್ ತಮ್ಮ ಸೂಟ್‌ಕೇಸನ್ನು ಧೊಪ್ಪನೆ ಮೇಜಿನ ಮೇಲಿಟ್ಟರು. ಅವರು ಮಾತಾಡುವುದು ಇಂಗ್ಲಿಷು, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ 'ಲಾ' ಮಾತ್ರ ಅವರದೇ. "ತೆಗಿ ಲಾ. ಈ ಸಲ ಎಲ್ಲಿ ಬಚ್ಚಿಟ್ಟಿದೀನಿ ಅಂತ ಕಂಡುಹಿಡಿ ನೋಡೋಣ."

"ಇಲ್ಲ ಅಂಕಲ್. ನಿಯಮ ಅಂದ್ರೆ ನಿಯಮ."

"ಹದಿನಾಲ್ಕು ವರ್ಷ ಇಲ್ಲದ ನಿಯಮ ಇವತ್ತು ಯಾಕೆ ಲಾ?"

ನನಗೆ ಏನಾದರೂ ಒಂದು ಸುಳ್ಳು ಹೊಳೆಯಬೇಕಿತ್ತು. ಬಾಯಿ ಬೇಕಾದಾಗಲೇ ಕೈಕೊಟ್ಟಿತು. ನಾನು ತಡವರಿಸುವುದನ್ನು ಅವರು ಯಾರೂ ಹಿಂದೆಂದೂ ನೋಡಿರಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. ಶನಿವಾರ ಇದ್ದ ಒಬ್ಬ ಹುಡುಗ, ಪೆನಾಂಗ್‌ನ ಇಂಜಿನಿಯರು, ಕೆಟ್ಟ ಮನಸ್ಸಿನವನೇನಲ್ಲ, ಫಕ್ಕನೆ ಕೇಳಿಬಿಟ್ಟ. "ಶನಿವಾರ ಇವರ ಮಗಳು ಬ್ಯಾಗ್ ಕೇಳೋಕೆ ಬಂದಿದ್ರಲ್ಲ. ಅಂಕಲ್ ಬ್ಯಾಗಲ್ಲಿ ಏನಾದ್ರೂ ಇದೆಯಾ?"

ಹದಿನಾಲ್ಕು ಜೊತೆ ಕಣ್ಣು ನಂಜುಂಡಪ್ಪನವರ ಕಡೆ ತಿರುಗಿದವು. ಸಮೀಕ್ಷಾ ಒಂದು ಹೆಜ್ಜೆ ಮುಂದೆ ಬಂದು, "ನಾನೇ..." ಎಂದು ಶುರುಮಾಡಿದಳು. ಮತ್ತೆ ತನ್ನ ತಲೆಯ ಮೇಲೇ ಹೊತ್ತುಕೊಳ್ಳಲು ಹೊರಟಿದ್ದಳು ಆ ಹುಡುಗಿ.

ನಂಜುಂಡಪ್ಪನವರು ಎದ್ದರು. ಮಗಳ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ರ‍್ಯಾಕಿನ ಹತ್ತಿರ ಹೋಗಿ ನೀಲಿ ಬ್ಯಾಗು ಇಳಿಸಿಕೊಂಡು ಬಂದು, ಚೋಂಗ್ ಅಂಕಲ್ಲಿನ ಸೂಟ್‌ಕೇಸಿನ ಪಕ್ಕದಲ್ಲಿಟ್ಟರು. ಜೇಬಿನಿಂದ ಬೀಗದ ಕೈ ತೆಗೆದರು. ಎರಡು ಸಲ ತಪ್ಪಿತು. ನಾನು ಬೇಡ ಎನ್ನಲು ಹೋದೆ, ಅವರು ನನ್ನ ಕಡೆ ನೋಡಲಿಲ್ಲ. ಜಿಪ್ ಎಳೆದು ಮುಚ್ಚಳ ಪೂರ್ತಿ ತೆರೆದಿಟ್ಟರು. ಮೇಲೆಯೇ ಇದ್ದವು, ನಾಲ್ಕು ಕಟ್ಟು.

"ಇದಕ್ಕೆ" ಎಂದರು ಇಂಗ್ಲಿಷಿನಲ್ಲಿ. "ಇದಕ್ಕೇ ನಾಚಿಕೊಂಡು ಬರಲ್ಲ ಅಂದಿದ್ದೆ. ನನ್ನ ಮಗಳದ್ದು ತಪ್ಪಿಲ್ಲ."

ಯಾರಾದರೂ ಒಬ್ಬರು ನಕ್ಕರೆ ಕತ್ತು ಹಿಡಿದು ಹೊರಗೆ ದಬ್ಬುತ್ತೇನೆ ಎಂದು ನಿಂತಿದ್ದೆ. ಚೋಂಗ್ ಅಂಕಲ್ ಕನ್ನಡಕ ಹಣೆಯ ಮೇಲಿಂದ ಕಣ್ಣಿಗಿಳಿಸಿಕೊಂಡು ಬಗ್ಗಿದರು. ಒಂದು ಕಟ್ಟು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ಓದಿದರು.

"ಅಯ್ಯೋ, ಈ ಕಂಪನಿದು ಬೇಡ ಲಾ" ಎಂದರು. "ಪಕ್ಕದಲ್ಲಿ ಸೋರತ್ತೆ."

ತಮ್ಮ ಹೆಗಲಿಗಿದ್ದ ಚೀಲ, ಕೈಚೀಲ ಎಂದು ನಾನು ಯಾವತ್ತೂ ಮುಟ್ಟದೆ ಬಿಡುತ್ತಿದ್ದ ಆ ಚೀಲ, ಅದರೊಳಗೆ ಕೈಹಾಕಿ ಇನ್ನೊಂದು ಬಗೆಯದನ್ನು ತೆಗೆದು ನಂಜುಂಡಪ್ಪನವರ ಕೈಗಿಟ್ಟರು. "ಇದು ಹಾಕ್ಕೊ. ವಿಮಾನದಲ್ಲಿ ನಿದ್ದೆ ಮಾಡಬಹುದು. ನಾಲ್ಕು ವರ್ಷದಿಂದ ಇದೇ."

"ನಾಲ್ಕು ವರ್ಷದಿಂದ?" ಎಂದೆ ನಾನು. "ನನಗೆ ಹೇಳಲೇ ಇಲ್ವಲ್ಲ ಅಂಕಲ್."

"ನಿನಗಾ?" ಚೋಂಗ್ ಅಂಕಲ್ ಹುಬ್ಬೇರಿಸಿದರು. "ನನಗೇನು ತಲೆ ಕೆಟ್ಟಿದೆಯಾ?"

ಆಗ ನಕ್ಕರು ಎಲ್ಲರೂ. ಅದು ನನ್ನ ಮೇಲಿನ ನಗು, ನಗಲಿ ಎಂದು ಬಿಟ್ಟೆ. ಮೂಲೆಯಲ್ಲಿದ್ದ ಲಾರಿ ಮಾಲೀಕರು ಮೆಲ್ಲಗೆ, ತಮ್ಮದೂ ಅದೇ ಕಂಪನಿಯದು, ಒಳ್ಳೆಯದು ಎಂದರು. ನಂಜುಂಡಪ್ಪನವರು ಕೈಯಲ್ಲಿದ್ದುದನ್ನು ನೋಡುತ್ತ, ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. "ಅಲ್ಲ ಚೋಂಗ್, ನಲವತ್ತನೇ ಸಾಲಿಂದ ಕೆಳಗೆ ಟಾಯ್ಲೆಟ್ಟಿಗೆ ಹೇಗೆ ಹೋಗ್ತೀಯ?"

"ನಲವತ್ತನೇ ಸಾಲಾ? ಅಲ್ಲಿ ನಾನು ಕೂತಿದ್ದೇ ಇಲ್ಲ ಲಾ. ಪ್ರತಿ ಸಲ ಅಲ್ಲಿ ಕೆಳಗೆ ಕೂತ ಯಾರಾದ್ರೂ ಹುಡುಗರ ಜೊತೆ ಟಿಕೆಟ್ ಬದಲಾಯಿಸ್ಕೊಂಡು ಹನ್ನೆರಡನೇ ಸಾಲಲ್ಲಿ, ಹೊರಗೆ ಹೋಗೋ ದಾರಿ ಪಕ್ಕ ಕೂರ್ತೀನಿ. ಈ ಸಲ ನೀನೂ ಅಲ್ಲೇ ಬಾ."

"ಹನ್ನೆರಡನೇ ಸಾಲು!" ನಂಜುಂಡಪ್ಪನವರ ಧ್ವನಿ ಏರಿತು. "ಅಲ್ಲಿಂದ ಆ ಕಡೆ ನೇರದಾರಿ ಕಾಣಲ್ಲ, ಮೂರನೇ ತಿರುವು ಅರ್ಧ ಕಾಣಲ್ಲ! ಆರು ಸಲ ಹೋಗಿ ಏನ್ ನೋಡ್ಕೊಂಡು ಬಂದ್ಯಯ್ಯಾ ನೀನು? ಬಂದು ನನ್ನ ಮುಂದೆ ಮೇಲಿನ ಸಾಲು ಭಾರಿ ಚೆನ್ನಾಗಿತ್ತು ಅಂತ ಬೇರೆ ಹೇಳ್ತಿದ್ದೆ!"

"ನೀನು ಬೇಜಾರ್ ಮಾಡ್ಕೋತೀಯ ಅಂತ ಲಾ."

"ರೇಸು ಶುರುವಾದಾಗ ಒಂದರ್ಧ ಗಂಟೆಯಾದ್ರೂ ಮೇಲೆ ಹತ್ತಬೇಕು. ನಾನು ಹತ್ತೇ ಹತ್ತುತ್ತೀನಿ. ಆಮೇಲೆ ಬೇಕಿದ್ರೆ ಕೆಳಗೆ ಬರೋಣ."

ಇಬ್ಬರೂ ಬ್ಯಾಗುಗಳನ್ನು ತೆರೆದಿಟ್ಟ ಹಾಗೇ ಬಿಟ್ಟು, ಶ್ರೀಪತಿ ಗೋಡೆಗೆ ಅಂಟಿಸಿದ್ದ ಟ್ರ್ಯಾಕಿನ ನಕ್ಷೆಯ ಮುಂದೆ ಹೋಗಿ ಬೆರಳಿಟ್ಟು ಜಗಳಕ್ಕೆ ನಿಂತರು. ಉಳಿದವರೂ ಅವರ ಸುತ್ತ ಸೇರಿದರು. ಹೋಗುತ್ತೀರಾ ಎಂದು ಯಾರೂ ಅವರನ್ನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಸಮೀಕ್ಷಾ ಬಾಗಿಲ ಹತ್ತಿರ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ತೊಳೆದ ನನ್ನ ಡಬ್ಬಿ. ನಾನು ಅವಳ ಮುಂದೆ ಹೋಗಿ ನಿಂತೆ. ಶನಿವಾರ ಎಲ್ಲರೆದುರು ಆಡಿದ ಮಾತಿಗೆ ಮೂಲೆಗೆ ಕರೆದು ಕ್ಷಮೆ ಕೇಳಿದರೆ ಸಾಲದು. ಗಟ್ಟಿಯಾಗಿಯೇ ಹೇಳಿದೆ, ಕನ್ನಡದಲ್ಲೂ ಹೇಳಿದೆ, ಇಂಗ್ಲಿಷಿನಲ್ಲೂ ಹೇಳಿದೆ. ಈ ಹುಡುಗಿಗೆ ನಾನು ಅಂದದ್ದೆಲ್ಲ ತಪ್ಪು, ಅಪ್ಪನ ಮರ್ಯಾದೆ ಉಳಿಸಲು ತಾನು ಬೈಸಿಕೊಂಡಳು, ನಾನು ಕಣ್ಣಿದ್ದೂ ಕುರುಡಿಯಾದೆ. ನಕ್ಷೆಯ ಹತ್ತಿರದ ಗದ್ದಲ ನಿಂತಿತು.

ಪರವಾಗಿಲ್ಲ ಆಂಟಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಎನ್ನಲಿಲ್ಲ.

"ತುಂಬಾ ನೋವಾಯ್ತು ಆಂಟಿ" ಎಂದಳು. ಸ್ವಲ್ಪ ಹೊತ್ತು ಅಪ್ಪನ ಬೆನ್ನನ್ನೇ ನೋಡುತ್ತಿದ್ದು, ಡಬ್ಬಿ ನನ್ನ ಕೈಗೆ ಕೊಟ್ಟು, ತಗ್ಗಿದ ಧ್ವನಿಯಲ್ಲಿ ಹೇಳಿದಳು. "ನಾಳೆ ಏರ್‌ಪೋರ್ಟಿಗೆ ನೀವೂ ಬರ್ತೀರಾ? ಅಪ್ಪ ನನ್ನ ಬಿಟ್ಟು ಇಷ್ಟು ದೂರ ಯಾವತ್ತೂ ಹೋಗಿಲ್ಲ. ಅವರು ಒಳಗೆ ಹೋಗೋ ತನಕ ನಗ್ತಾ ಇರ್ತೀನಿ. ಆಮೇಲೆ ಒಬ್ಬಳೇ ಕಾರು ಓಡಿಸ್ಕೊಂಡು ವಾಪಸ್ ಬರೋಕೆ ನನ್ನ ಕೈಲಾಗಲ್ಲ."

"ಬರ್ತೀನಿ ಕಣೇ" ಎಂದೆ. ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ನನ್ನ ಬಾಯಿಂದ ಹೊರಡಲಿಲ್ಲ.